ಖಾನೇಷುಮಾರಿಯ ರುಚಿ

ಮೈಸೂರು ಸಂಸ್ಥಾನದ 1931ರ ಜನಗಣತಿ ವರದಿಯನ್ನು ಗ್ರಂಥಾಲಯದ ಪಟ್ಟಿಯಲ್ಲಿ ಹುಡುಕಿದರೆ, ಬರೆದವರ ಹೆಸರಿನ ಜಾಗದಲ್ಲಿ ಎಂ. ವೆಂಕಟೇಶ ಅಯ್ಯಂಗಾರ್ ಎಂದಿರುತ್ತದೆ. ಯಾರೋ ಹಳೇ ಕಾಲದ ಅಮಲ್ದಾರರಿರಬೇಕು ಎಂದುಕೊಂಡು ಓದುಗ ಮುಂದೆ ಸಾಗುತ್ತಾನೆ. ಅವರು ನಮ್ಮ ಮಾಸ್ತಿ. ‘ಕೆಲವು ಸಣ್ಣ ಕಥೆಗಳು’ ಬಂದು ಹನ್ನೊಂದು ವರ್ಷಕ್ಕೆ, ಸರ್ಕಾರಿ ನೌಕರಿಯ ನಡುವೆ, ಆ ಕಥೆಗಾರರ ಪಾಲಿಗೆ ಬಂದದ್ದು ಅರವತ್ತೈದು ಲಕ್ಷ ಜನರ ಲೆಕ್ಕ. ಸರಿಯಾಗಿ ಹೇಳಬೇಕೆಂದರೆ 65,57,302.

ಈ ಕೆಲಸಕ್ಕೆ ಮೈಸೂರಿನಲ್ಲಿ ಎಂದೂ ಸಾಮಾನ್ಯರು ಕೂತಿರಲಿಲ್ಲ. 1881ರ ವರದಿ ಬರೆದವರು ಲೂಯಿ ರೈಸ್, ಶಾಸನಗಳ ಬೆನ್ನು ಹತ್ತಿ ಊರೂರು ಅಲೆದ ಅದೇ ರೈಸ್. 1901ರ ವರದಿ ಟಿ. ಆನಂದರಾಯರದು, ಮುಂದೆ ಅವರು ದಿವಾನರಾದರು. ಹೀಗಿದ್ದೂ ಸಂಶೋಧನೆಯ ಹುಡುಗರು ಮೊದಲು ಕೈಹಾಕುವುದು ಎರಡನೇ ಭಾಗಕ್ಕೆ, ಅಂದರೆ ಬರೀ ಕೋಷ್ಟಕಗಳಿಗೆ. ಬೇಕಾದ ಅಂಕಿ ಸಿಕ್ಕಿದ ಕೂಡಲೇ ಪುಸ್ತಕ ಮುಚ್ಚುತ್ತಾರೆ. ಮೊದಲನೇ ಭಾಗದ ವರದಿ ಹಾಗೇ ಉಳಿಯುತ್ತದೆ. ಇದು ನನಗೆ ಹಬ್ಬದೂಟಕ್ಕೆ ಹೋಗಿ ಉಪ್ಪು ಮಾತ್ರ ನೆಕ್ಕಿ ಬಂದಹಾಗೆ ಕಾಣುತ್ತದೆ.

ಹಾಗೆಂದು ಕೋಷ್ಟಕದಲ್ಲಿ ರುಚಿಯಿಲ್ಲ ಎಂದಲ್ಲ. ನಿಧಾನವಾಗಿ ಓದಬೇಕು, ಅಷ್ಟೆ. ಸಂಸ್ಥಾನದ ಒಟ್ಟು ಜನಸಂಖ್ಯೆಯ ಸಾಲನ್ನೇ ನೋಡಿ. 1871ರಲ್ಲಿ 50,55,412. ಅದರ ಕೆಳಗೆ 1881ರಲ್ಲಿ 41,86,188. ಎರಡು ಸಾಲಿನ ನಡುವೆ ಇರುವುದು ಒಂದು ಗೆರೆ ಅಗಲದ ಖಾಲಿ ಜಾಗ. ಧಾತು ಸಂವತ್ಸರದಲ್ಲಿ ಹತ್ತಿ ಈಶ್ವರ ಸಂವತ್ಸರಕ್ಕೂ ಚಾಚಿದ ಬರ, 1876ರಿಂದ 78ರವರೆಗಿನದು, ಆ ಜಾಗದಲ್ಲಿದೆ. ಎಂಟೂವರೆ ಲಕ್ಷಕ್ಕೂ ಮಿಕ್ಕಿ ಜನ ಕಡಿಮೆ. ಅಷ್ಟಕ್ಕೇ ಮುಗಿಯುವುದೂ ಇಲ್ಲ. ಬರಗಾಲದಲ್ಲಿ ಹುಟ್ಟಬೇಕಿದ್ದು ಹುಟ್ಟದೇಹೋದ, ಹುಟ್ಟಿಯೂ ಉಳಿಯದ ಮಕ್ಕಳಿಂದಾಗಿ ಒಂದು ವಯಸ್ಸಿನ ಸಾಲೇ ತೆಳ್ಳಗಾಯಿತು. 1891ರಲ್ಲಿ ಆ ತೆಳ್ಳಗಿನ ಸಾಲು ಹದಿಮೂರು ಹದಿನಾಲ್ಕರ ಹತ್ತಿರ ನಿಂತಿರುತ್ತದೆ, 1901ರಲ್ಲಿ ಇಪ್ಪತ್ತು ದಾಟಿರುತ್ತದೆ. ಬದುಕಿದವರ ಜೊತೆಜೊತೆಗೇ ಆ ಕೊರತೆಗೂ ವಯಸ್ಸಾಗುತ್ತಾ ಹೋಗುತ್ತದೆ. 1911ರಿಂದ 21ರ ಹತ್ತು ವರ್ಷದಲ್ಲಿ ಹೆಚ್ಚಿದ್ದು ಬರೇ 1,72,699 ಜನ. 1918ರ ಇನ್‌ಫ್ಲುಯೆಂಜಾ ಅಲ್ಲಿ ಕೂತಿದೆ.

ವಯಸ್ಸಿನ ಕೋಷ್ಟಕದ ತಮಾಷೆ ಬೇರೆ. ಒಂದೊಂದು ವರ್ಷವನ್ನೂ ಬಿಡಿಸಿ ಬರೆದ ಕಡೆ ಮೂವತ್ತು, ನಲವತ್ತು, ಐವತ್ತರ ಎದುರಿಗೆ ಜನ ಕಿಕ್ಕಿರಿದಿದ್ದಾರೆ. ಇಪ್ಪತ್ತೊಂಬತ್ತು, ಮೂವತ್ತೊಂದು, ನಲವತ್ತೊಂದು ಬಿಕೋ ಎನ್ನುತ್ತವೆ. “ಏನಯ್ಯಾ ವಯಸ್ಸು?” ಎಂದು ಕೇಳಿದರೆ ಜಗಲಿಯಲ್ಲಿ ಕೂತ ಗೌಡರು ಏನು ಹೇಳಿಯಾರು? “ಹಾಕ್ಕಳಿ ಸ್ವಾಮಿ, ಒಂದು ನಲವತ್ತು.” ಸಂಖ್ಯಾಶಾಸ್ತ್ರಜ್ಞರು ಇದನ್ನು ದೋಷವೆಂದು ಕರೆದು ತಿದ್ದಿ ನಯಮಾಡುತ್ತಾರೆ. ಅವರಿಗೆ ಅದು ಬೇಕು, ನಿಜ. ನನಗಂತೂ ತಿದ್ದದ ಕೋಷ್ಟಕವೇ ಇಷ್ಟ. ಉತ್ತರ ಕೊಟ್ಟವರ ದನಿ ಅದರಲ್ಲಿದೆ.

ಆಗ ಎಣಿಕೆ ನಡೆಯುತ್ತಿದ್ದದ್ದು ಒಂದೇ ರಾತ್ರಿ. ಹಬ್ಬ ಜಾತ್ರೆಗಳಿಲ್ಲದ, ಸಾಕಷ್ಟು ಬೆಳದಿಂಗಳಿರುವ ರಾತ್ರಿಯನ್ನೇ ಆರಿಸುತ್ತಿದ್ದರು. 1931ರಲ್ಲಿ ಅದು ಫೆಬ್ರವರಿ 26. ಮೊದಲೇ ಬರೆದಿಟ್ಟ ಪಟ್ಟಿಯನ್ನು ಹಿಡಿದು ಎಣಿಕೆದಾರರು ಆ ರಾತ್ರಿ ಮನೆಮನೆಗೆ ಹೋಗಿ, ಸತ್ತವರನ್ನು ಹೊಡೆದುಹಾಕಿ, ಹುಟ್ಟಿದವರನ್ನೂ ಬಂದ ನೆಂಟರನ್ನೂ ಸೇರಿಸಬೇಕು. 1901ರಿಂದ ಆಮೇಲಿನ ಲೆಕ್ಕಕ್ಕೆ ಚೀಟಿ ಪದ್ಧತಿ ಬಂತು: ಒಬ್ಬ ಮನುಷ್ಯನಿಗೆ ಒಂದು ಚೀಟಿ, ಧರ್ಮಕ್ಕೊಂದು ಬಣ್ಣ, ಗಂಡೋ ಹೆಣ್ಣೋ, ಮದುವೆ ಆಗಿದೆಯೋ ಇಲ್ಲವೋ ಎಂಬುದಕ್ಕೆ ಗುರುತು. ಗೂಡುಗಳಿದ್ದ ಕಪಾಟಿನ ಮುಂದೆ ಕೂತು ಗುಮಾಸ್ತರು ಚೀಟಿ ವಿಂಗಡಿಸಿದರು. ಕೋಷ್ಟಕದ ಒಂದೊಂದು ಮನೆಯೂ ಹಾಗೆ ಕೈಯಲ್ಲಿ ಎಣಿಸಿದ ಒಂದು ಕಟ್ಟು.

ಆ ಚೀಟಿಗಳು ಉಳಿದಿಲ್ಲ. ಅಮೆರಿಕದವರು 72 ವರ್ಷ ಕಳೆದ ಮೇಲೆ ಮನೆಮನೆಯ ಪಟ್ಟಿಯನ್ನೇ ಬಿಚ್ಚಿ ತೋರಿಸುತ್ತಾರೆ. 1950ರದು 2022ರಲ್ಲಿ ಹೊರಬಂತು. ನಮ್ಮಲ್ಲಿ ಮುತ್ತಜ್ಜನ ಹೆಸರು ಹುಡುಕಿ ಹೊರಟವರಿಗೆ ಸಿಗುವುದು ಅವರ ತಾಲ್ಲೂಕಿನ ಮೊತ್ತ ಮಾತ್ರ.

ಮೊತ್ತ ಹುಡುಕುವುದಕ್ಕೂ ಸ್ವಲ್ಪ ಊರುದಾರಿ ಗೊತ್ತಿರಬೇಕು. ಮೈಸೂರಿನ ಸಂಪುಟಕ್ಕೆ ಖಾಯಂ ನಂಬರಿಲ್ಲ: 1901ರಲ್ಲಿ 24, 1911ರಲ್ಲಿ 21, 1921ರಲ್ಲಿ 23, 1931ರಲ್ಲಿ 25. ಇದು ಗೊತ್ತಿಲ್ಲದೆ ನಂಬರು ಹಿಡಿದು ಹೋದವನು ಬೇರೆ ಯಾವುದೋ ಪ್ರಾಂತದಲ್ಲಿ ಇಳಿಯುತ್ತಾನೆ. ಧಾರವಾಡ, ಬಿಜಾಪುರ, ಬೆಳಗಾವಿ, ಕಾರವಾರ ಮುಂಬಯಿ ಸಂಪುಟದಲ್ಲಿವೆ. ಬಳ್ಳಾರಿ, ಮಂಗಳೂರು ಮದರಾಸಿನಲ್ಲಿ, ಗುಲ್ಬರ್ಗ, ಬೀದರ್, ರಾಯಚೂರು ಹೈದರಾಬಾದಿನಲ್ಲಿ. ಕೊಡಗಿಗೆ ಅದರದೇ ಲೆಕ್ಕ. ಬೆಂಗಳೂರೂ ಒಂದಲ್ಲ, ಎರಡು: ಪೇಟೆ ಬೇರೆ, ದಂಡು ಬೇರೆ. ಕನ್ನಡನಾಡಿನ ಒಂದು ಅಂಕಿ ಬೇಕಾದವರು ಇಷ್ಟನ್ನೂ ಹೊಲಿಯಬೇಕು. ಏಕೀಕರಣ ಏಕೆ ಬೇಕಿತ್ತೆಂದು ಅರಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ!

ಇವುಗಳ ಪ್ರತಿಗಳು ಈಗ ಜನಗಣತಿ ಇಲಾಖೆಯ ಜಾಲತಾಣದಲ್ಲೂ, ಪುಣೆಯ ಗೋಖಲೆ ಸಂಸ್ಥೆಯ ಗಾಡ್ಗೀಳ್ ಗ್ರಂಥಾಲಯದ ಡಿಜಿಟಲ್ ಸಂಗ್ರಹದಲ್ಲೂ ಕೂತಲ್ಲೇ ಸಿಗುತ್ತವೆ. ಹಳ್ಳಿ ಮಟ್ಟಕ್ಕೆ ಇಳಿಯುವವರಿಗೆ 1951ರಿಂದ ಬಂದ ಜಿಲ್ಲಾ ಕೈಪಿಡಿಗಳಿವೆ. 1961ರದಂತೂ ಬೇರೆಯೇ ಲೋಕ. ಅಶೋಕ್ ಮಿತ್ರರ ಮೇಲ್ವಿಚಾರಣೆಯ ಆ ಗಣತಿ ತಲೆ ಎಣಿಸುವುದರ ಜೊತೆಗೆ ಹಳ್ಳಿಗಳ ಸಮೀಕ್ಷೆ, ಕೈಕಸುಬು, ಜಾತ್ರೆ-ಹಬ್ಬಗಳ ಸಂಪುಟಗಳನ್ನೂ ತಂದಿತು. ಜನ ಹೇಳಿದ ತಾಯ್ನುಡಿಗಳನ್ನು ವಿಂಗಡಿಸಿ 1,652 ಹೆಸರಿನ ಪಟ್ಟಿ ಕೊಟ್ಟದ್ದೂ ಅದೇ.

ಆದರೆ ತೆರೆಯ ಮೇಲೆ ಓದುವವರಿಗೆ ಒಂದು ಮಾತು. ಸ್ಕ್ಯಾನ್ ಮಾಡುವಾಗ ಮಡಿಚಿದ ನಕ್ಷೆಗಳನ್ನು ಎಷ್ಟೋ ಕಡೆ ಬಿಚ್ಚಿರುವುದೇ ಇಲ್ಲ. ಮಡಿಕೆಯ ಬೆನ್ನು ಮಾತ್ರ ಕಾಣುತ್ತದೆ. ನಕ್ಷೆ ಬೇಕಿದ್ದವರು ಕಾಗದದ ಪ್ರತಿಯಿರುವ ಗ್ರಂಥಾಲಯಕ್ಕೇ ಹೋಗಬೇಕು. ಹೋದಾಗ ಮೊದಲನೇ ಭಾಗವನ್ನೂ ಕೇಳಿ ತರಿಸಿಕೊಳ್ಳಿ.