ಎರಡು ವರ್ಷದ ಆಸೆ, ಐದು ವರ್ಷದ ಬಾಗಿಲು

ಬಿಇ ಓದಿದ ನನ್ನಂಥವರು ಎರಡು ವರ್ಷದ ಎಂ.ಆರ್ಕ್ ಮಾಡಿ ನೋಂದಾಯಿತ ಆರ್ಕಿಟೆಕ್ಟ್ ಆಗಬಹುದಾ? ಆಗಲ್ಲ. ಎಂ.ಆರ್ಕ್ ಸೇರೋಕೇ ಬಿ.ಆರ್ಕ್ ಬೇಕು. ಅಂದ್ರೆ ಪಿಯುಸಿ ಮಕ್ಕಳ ಜೊತೆ ಕೂತು ನಾಟಾ ಬರೀಬೇಕು, ಆಮೇಲೆ ಐದು ವರ್ಷ ಓದಬೇಕು. ತಮಾಷೆ ನೋಡಿ, 1972ರ ಕಾಯ್ದೆ ಕಾಯೋದು ‘ಆರ್ಕಿಟೆಕ್ಟ್’ ಅನ್ನೋ ಹೆಸರನ್ನ, ಕೆಲಸವನ್ನಲ್ಲ ಅಂತ ಸುಪ್ರೀಂ ಕೋರ್ಟೇ 2020ರಲ್ಲಿ ಹೇಳಿದೆ. ಹೆಸರಿಗೇ ಇಷ್ಟು ಬೇಲಿ!

ಅಮೆರಿಕದಲ್ಲಿ ಬೇರೆ ಪದವಿಯವರಿಗೂ ಸುಮಾರು ಮೂರು ವರ್ಷದ ಎಂ.ಆರ್ಕ್ ಇದೆ. ಸ್ಟುಡಿಯೊದಲ್ಲಿ ಕೈ ಪಳಗಬೇಕು, ಒಪ್ಪೋಣ. ಅದಕ್ಕೆ ಮೂರು ವರ್ಷ ಸಾಲದಾ? 2001ರಲ್ಲಿ ಗಣಿ ಮುಚ್ಚಿದ ಮೇಲೆ ರಾಬರ್ಟ್‌ಸನ್‌ಪೇಟೆ ಕಡೆಯ ಎಷ್ಟೋ ಜನ ದಿನಾ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋಗ್ತಾರೆ. ಅವರಲ್ಲೊಬ್ಬ ಎಂಜಿನಿಯರ್‌ಗೆ ಊರಿನ ಹಳೇ ಲೈನ್ ಮನೆಗಳನ್ನ ಸರಿಮಾಡೋ ಆಸೆ ಬಂದ್ರೆ, ಐದು ವರ್ಷ ಮನೆಗೆ ಸಂಬಳ ತರೋರು ಯಾರು?