ಹೊಯ್ಸಳ ಶಿಲ್ಪದ ಕೈಯಲ್ಲಿರುವ ಫಲ

ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಕಟ್ಟಿಸಿ, ಹದಿಮೂರನೆಯ ಶತಮಾನದಲ್ಲಿ ಪ್ರತಿಷ್ಠೆಗೊಂಡ ಸೋಮನಾಥಪುರದ ಕೇಶವ ದೇವಾಲಯದ ಹೊರಭಿತ್ತಿಯಲ್ಲಿ ಹಲವು ವಿಗ್ರಹಗಳು ಸಾಲುಸಾಲಾದ ಮಣಿಗಳುಳ್ಳ ನೀಳವಾದ ಫಲವೊಂದನ್ನು ಹಿಡಿದಿವೆ. ಇದು ಗೋವಿನ ಜೋಳದ ತೆನೆಯೇ ಎಂದು ಜೋಹಾನೆಸ್ಸೆನ್ ಮತ್ತು ಪಾರ್ಕರ್ ಎಂಬ ವಿದ್ವಾಂಸರು 1989ರಲ್ಲಿ ಪ್ರತಿಪಾದಿಸಿದರು. ಈ ಬೆಳೆಯ ತವರು ಮೆಕ್ಸಿಕೊ. ಕೊಲಂಬಸನು ಅಮೆರಿಕದ ದ್ವೀಪಗಳನ್ನು ಮುಟ್ಟಿದುದು 1492ರಲ್ಲಿ. ವಾದವು ನಿಂತರೆ ಎರಡು ಖಂಡಗಳ ಇತಿಹಾಸವನ್ನೇ ತಿದ್ದಬೇಕಾಗುತ್ತದೆ.

ಕಾಳುಗಳ ಜೋಡಣೆ, ಫಲದ ಆಕಾರ, ಕೈಗೂ ಫಲಕ್ಕೂ ಇರುವ ಪ್ರಮಾಣ ಇವನ್ನು ಅವರು ಶ್ರದ್ಧೆಯಿಂದ ಪರಿಶೀಲಿಸಿದರೆಂಬುದನ್ನು ನಾವು ಮನ್ನಿಸಲೇಬೇಕು. ಆದರೆ ದೇವತಾಮೂರ್ತಿಯ ಕೈಯಲ್ಲಿರುವ ವಸ್ತು ಸಸ್ಯಶಾಸ್ತ್ರದ ಮಾದರಿಯಲ್ಲ, ಅದೊಂದು ಲಕ್ಷಣ. ಹೋಲಿಕೆಯೊಂದರಿಂದಲೇ ಅದರ ಅರ್ಥವು ತಿಳಿಯದು.

ಗೋವಿನ ಜೋಳವು ನಿಜವಾಗಿ ಪವಿತ್ರವಾಗಿದ್ದ ನಾಡಿನ ಶಿಲ್ಪವನ್ನು ನೋಡೋಣ. ಕೋಪಾನಿನ ಎಂಟನೆಯ ಶತಮಾನದ ಮಾಯಾ ಶಿಲ್ಪದಲ್ಲಿ ಧಾನ್ಯದೇವನ ಶಿರೋಭೂಷಣವೇ ತೆನೆ. ಆಜ್ಟೆಕರ ಚಿಕೊಮೆಕೋಆಟ್ಲ್ ದೇವಿಯು ಜೋಡಿ ತೆನೆಗಳನ್ನು ಹಿಡಿದಿರುತ್ತಾಳೆ. ಮನುಷ್ಯನ ಮೈಯೇ ಆ ಧಾನ್ಯದ ಹಿಟ್ಟಿನಿಂದಾಯಿತೆಂದು ಮಾಯಾ ಪುರಾಣವು ಹೇಳುತ್ತದೆ. ಅಲ್ಲಿ ಕಲ್ಲಿನ ಹಿಂದೆ ಹೊಲ, ಅಡುಗೆ, ಪೂಜೆ, ಕಥೆ ಎಲ್ಲವೂ ಇವೆ. ನಮ್ಮಲ್ಲಿಯಾದರೋ ಜೋಳವೆಂಬುದು ಹಳೆಯ ಹೆಸರು. ಗೋವಿನ, ಮುಸುಕಿನ, ಮೆಕ್ಕೆ ಎಂಬ ವಿಶೇಷಣಗಳು ಹೊಸಬನನ್ನು ಗುರುತಿಸಲು ಇಟ್ಟವುಗಳಂತೆ ತೋರುತ್ತವೆ.

ಪಾಯಕ್ ಮತ್ತು ಸಚಾನ್ 1993ರಲ್ಲಿ ಈ ವಾದವನ್ನು ಖಂಡಿಸಿ, ಅದು ಮುತ್ತುಗಳಿಂದ ಕೂಡಿದ ಕಾಲ್ಪನಿಕ 'ಮುಕ್ತಾಫಲ'ವೆಂದರು. ಈ ಉತ್ತರವು ನಮಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಏಕೆಂದರೆ ಫಲವನ್ನು ಹಿಡಿದ ಹಸ್ತವು ನಮ್ಮ ಸಂಪ್ರದಾಯಕ್ಕೆ ಹೊಸದಲ್ಲ. ಕೊಲ್ಲಾಪುರದ ಮಹಾಲಕ್ಷ್ಮಿಯ ಕೈಯಲ್ಲಿ ಮಾತುಲಿಂಗವಿದೆ. ಅದಕ್ಕೆ ಬೀಜಪೂರವೆಂದೂ ಹೆಸರು: ಬೀಜಗಳಿಂದ ತುಂಬಿದುದು, ಸೃಷ್ಟಿಯ ಸಂಕೇತ. ಆದರೂ 'ಕಾಲ್ಪನಿಕ' ಎಂಬ ಮಾತಿನಿಂದಲೇ ವಿಚಾರಣೆಯು ಮುಗಿಯಲಾಗದು. ಆ ರೂಪವು ಹಿಂದಿನ ಶಿಲ್ಪಗಳಿಂದ ಹೇಗೆ ಬೆಳೆದು ಬಂದಿತೆಂಬುದನ್ನು ತೋರಿಸಬೇಕು. ಪ್ರತಿಪಕ್ಷದವರೂ ಆ ಕಾಲದ ಮಣ್ಣಿನ ಸ್ತರದಲ್ಲಿ ದೊರೆತ ಕರಿಕಾಳನ್ನು ತೋರಿಸಬೇಕು.

ಪರದೇಶದ ಸಂಬಂಧದಿಂದ ನಮ್ಮ ಶಿಲ್ಪಕ್ಕೆ ಗೌರವ ಹೆಚ್ಚುವುದೆಂಬ ಆಸೆಯು ಸಾಕ್ಷ್ಯವಾಗಲಾರದು. ಎಂ.ಕೆ. ಹುಬ್ಬಳ್ಳಿಯ ಸುತ್ತಲಿನ ವಿದ್ಯಾರ್ಥಿಗಳಿಗೆ ಕಿತ್ತೂರಿನ ಬಳಿಯ ದೇಗಾಂವದಲ್ಲಿ ಗೋವೆಯ ಕದಂಬರ ಕಾಲದ, ಹನ್ನೆರಡನೆಯ ಶತಮಾನದ ಕಮಲನಾರಾಯಣ ದೇವಾಲಯವಿದೆ. ಅಲ್ಲಿಯ ಪ್ರತಿಯೊಂದು ಮೂರ್ತಿಯ ಕೈಯಲ್ಲಿರುವುದನ್ನು ಅಳೆದು, ಬರೆದು, ಸೋಮನಾಥಪುರದೊಡನೆ ಹೋಲಿಸುವುದು ಸಾಗರ ದಾಟಿಸುವ ಊಹೆಗಿಂತ ಮೊದಲು ಆಗಬೇಕಾದ ಕೆಲಸವೆಂದು ನಾವು ಭಾವಿಸುತ್ತೇವೆ.