ವ್ಯಾಧಿಯು ವ್ಯಭಿಚಾರಿಯೋ, ಸ್ಥಾಯಿಯೋ?

ಭರತಮುನಿಯು ನಾಟ್ಯಶಾಸ್ತ್ರದಲ್ಲಿ 33 ವ್ಯಭಿಚಾರಿಭಾವಗಳನ್ನು ಎಣಿಸಿ, ಅವುಗಳೊಳಗೆ ವ್ಯಾಧಿಯನ್ನೂ ಒಂದಾಗಿ ಸೇರಿಸಿರುವನು. ಎದ್ದು ಅಡಗುವ ತೆರೆಗಳಂತೆ ಸ್ಥಾಯಿಭಾವದ ಮೇಲೆ ತೋರಿ ಮರೆಯಾಗತಕ್ಕವುಗಳೇ ವ್ಯಭಿಚಾರಿಗಳು. ವ್ಯಾಧಿಯು ವಾತಪಿತ್ತಕಫಗಳಿಂದಲೂ ಸನ್ನಿಪಾತದಿಂದಲೂ ಹುಟ್ಟುವದೆಂದು ಹೇಳಿ, ಮುನಿಯು ಜ್ವರವನ್ನೇ ಮುಖ್ಯವಾಗಿ ಎತ್ತಿಕೊಂಡು, ಚಳಿಯದೊಂದು, ಉರಿಯದೊಂದು ಎಂದು ಅದರ ಅಭಿನಯವನ್ನು ವಿವರಿಸುವನು. ಜ್ವರಕ್ಕೆ ಈ ಲಕ್ಷಣವು ಒಪ್ಪುವದು. ಅದು ಬರುವದು, ಬಿಡುವದು. ಆದರೆ ಬೆನ್ನೆಲುಬಿನ ನರಗಳನ್ನು ಹಿಡಿದು ವರ್ಷಗಟ್ಟಲೆ ಬಿಡದಿರುವ ಬೇನೆಯನ್ನು ಯಾವ ಭಾವದಲ್ಲಿ ಸೇರಿಸತಕ್ಕದ್ದು? ಕೂಡ್ರುವಾಗಲೂ ಏಳುವಾಗಲೂ ಮಲಗಿರುವಾಗಲೂ ಜೊತೆಗಿದ್ದು, ಉಳಿದ ಸಂತೋಷ ದುಃಖಗಳೇ ತನ್ನ ಮೇಲೆ ತೆರೆಗಳಂತೆ ಆಡುವಂತೆ ಮಾಡುವ ನೋವು ಸ್ಥಾಯಿಯಲ್ಲದೆ ಮತ್ತೇನು?

ಲಾಕ್ಷಣಿಕರು ಈ ಪ್ರಶ್ನೆಯನ್ನು ಎತ್ತಲಿಲ್ಲ. ಕವಿಗಳಿಗೂ ಅದರ ಅಗತ್ಯ ಬೀಳಲಿಲ್ಲ. ಶೃಂಗಾರದ ಹತ್ತು ಅವಸ್ಥೆಗಳಲ್ಲಿ ವ್ಯಾಧಿಯು ಉನ್ಮಾದಕ್ಕೂ ಜಡತೆಗೂ ನಡುವೆ ಬರುವದು. ನೇಮಿಚಂದ್ರನ ಲೀಲಾವತಿಯಂಥ ಕನ್ನಡ ಚಂಪೂಕಾವ್ಯಗಳಲ್ಲಿಯೂ ಬೇನೆಯೆಂದರೆ ಬಹುಮಟ್ಟಿಗೆ ವಿರಹತಾಪವೇ. ಚಂದನದಿಂದ ತಣಿಯದ ಆ ತಾಪವು ಪ್ರಿಯಸಮಾಗಮದಿಂದ ತಣಿಯುವದು. ವರ್ಣನೆಯು ರಮ್ಯವಾಗಿದೆ, ಆದರೆ ನಿಜವಾಗಿ ಹಾಸಿಗೆ ಹಿಡಿದವನಿಗೆ ಅದರಲ್ಲಿ ತನ್ನ ಮುಖವು ಕಾಣಿಸುವದಿಲ್ಲ.

ಆತನ ಮುಖವು ಕಾಣಿಸುವದು ಕಾವ್ಯದಲ್ಲಲ್ಲ, ವೈದ್ಯಶಾಸ್ತ್ರದಲ್ಲಿ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 28ನೆಯ ಅಧ್ಯಾಯದಲ್ಲಿ ಗೃಧ್ರಸಿಯೆಂಬ ವಾತವ್ಯಾಧಿಯ ವರ್ಣನೆಯುಂಟು. ಬೇನೆಯು ಪಿರ್ರೆಯಿಂದ ಹೊರಟು ಸೊಂಟ, ಬೆನ್ನು, ತೊಡೆ, ಮೊಳಕಾಲು, ಕಣಕಾಲು, ಪಾದಗಳನ್ನು ಕ್ರಮವಾಗಿ ಹಿಡಿಯುವದನ್ನೂ, ಬಿಗಿತ, ನೋವು, ಚುಚ್ಚುವಿಕೆ, ಅದುರುವಿಕೆಗಳನ್ನೂ ಚರಕನು ಒಂದೊಂದಾಗಿ ಹೇಳುವನು. ಕಾಲನ್ನು ಮೇಲೆತ್ತಲು ಈ ರೋಗವು ಬಿಡಗೊಡದೆಂದು ಸುಶ್ರುತನು ಸೇರಿಸುವನು. ಫ್ರಾನ್ಸ್ ದೇಶದ ಲಸೇಗನ ಶಿಷ್ಯನಾದ ಫೋರ್ಸ್ಟನು 1881ರಲ್ಲಿ ವಿವರಿಸಿದ, ರೋಗಿಯನ್ನು ಮಲಗಿಸಿ ನೆಟ್ಟಗಿನ ಕಾಲನ್ನೆತ್ತಿ ನೋಡುವ ಪರೀಕ್ಷೆಯು ಇಂದಿಗೂ ಆಸ್ಪತ್ರೆಗಳಲ್ಲಿ ನಡೆದಿರುವದು. ಅದರ ಮೂಲವಾದ ಅವಲೋಕನವು ಸುಶ್ರುತನ ಮಾತಿನಲ್ಲಿಯೇ ಇದೆ. ಈ ವಾಕ್ಯಗಳಲ್ಲಿ ಅಲಂಕಾರವಿಲ್ಲ. ರೋಗಿಯು ಹೇಳಿದ್ದನ್ನು ಪೂರ್ತಿಯಾಗಿ ಕೇಳಿಸಿಕೊಂಡ ಕಿವಿಯೊಂದು ಅವುಗಳ ಹಿಂದೆ ಇರುವದು ಮಾತ್ರ ಸ್ಪಷ್ಟ.

ಇಂದಿನ ಶಾಸ್ತ್ರವು ಈ ಬೇನೆಯ ಮೂಲವನ್ನು ಇನ್ನೂ ಆಳದಲ್ಲಿ ತೋರಿಸಿಕೊಟ್ಟಿದೆ. ಮೆದುಳುಬಳ್ಳಿಯು ಸೊಂಟದ ಮೇಲ್ಭಾಗದಲ್ಲಿ ಮುಗಿಯುವದು. ಅಲ್ಲಿಂದ ಕೆಳಗೆ ನರಗಳ ಬೇರುಗಳು ಕುದುರೆಯ ಬಾಲದ ಕೂದಲಿನಂತೆ ಇಳಿದಿರುವವು. ಎಲುಬುಗಳ ನಡುವಿನ ಮೆತ್ತೆಯು ಹೊರಚಾಚಿ ಈ ಬೇರನ್ನು ಒತ್ತಿದರೆ ಕಾಲಿನವರೆಗೂ ಸೆಳೆತ ಹುಟ್ಟುವದೆಂದು 1934ರಲ್ಲಿ ಅಮೇರಿಕೆಯ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು ತೋರಿಸಿದರು. ಇಂಥ ಸೆಳೆತವು ಬಹುಜನರಿಗೆ ಕೆಲವು ವಾರ ಇಲ್ಲವೆ ತಿಂಗಳುಗಳಲ್ಲಿ ಇಳಿಯುವದು. ಇಳಿಯದ ಜಾತಿಯದೂ ಒಂದುಂಟು. ನರಗಳನ್ನು ಸುತ್ತಿದ ಮೂರು ಪೊರೆಗಳಲ್ಲಿ ನಡುವಿನದು ಜೇಡರ ಬಲೆಯಂತೆ ನವುರಾದುದರಿಂದ, ಗ್ರೀಕರ ಜೇಡನ ಹೆಸರಿನಿಂದಲೇ ಅದನ್ನು ಅರಾಕ್ನಾಯ್ಡ್ ಎಂದು ಕರೆಯುವರು. ಕ್ಷಯದ ಸೋಂಕಿನಿಂದಾಗಲಿ, ಬೆನ್ನಿನ ಶಸ್ತ್ರಕ್ರಿಯೆಯಿಂದಾಗಲಿ, ಕಳೆದ ಶತಮಾನದಲ್ಲಿ ಕ್ಷಕಿರಣದ ಚಿತ್ರಕ್ಕಾಗಿ ಬೆನ್ನೊಳಗೆ ಸೇರಿಸುತ್ತಿದ್ದ ಎಣ್ಣೆಯಂಥ ದ್ರವದಿಂದಾಗಲಿ ಈ ಪೊರೆಯು ಉರಿಯೂತಗೊಂಡರೆ, ನರಗಳ ಬೇರುಗಳು ಒಂದಕ್ಕೊಂದು ಅಂಟಿ ಗಂಟಾಗುವವು. ಆಗ ಹೊರಗೆ ಗಾಯವಿಲ್ಲ, ಬಾವಿಲ್ಲ. ನರವೇ ಕೆಟ್ಟು ಸುಳ್ಳು ಸುದ್ದಿಯನ್ನು ಸಾರುತ್ತಿರುವದು. ಆದರೆ ಸುದ್ದಿಯು ಸುಳ್ಳಾದರೂ ನೋವು ಸುಳ್ಳಲ್ಲ. ಎಂ.ಆರ್.ಐ. ಚಿತ್ರದಲ್ಲಿ ಕಂಡ ದೋಷದ ಅಳತೆಗೂ ರೋಗಿಯು ಪಡುವ ಬೇನೆಯ ಅಳತೆಗೂ ಹೊಂದಿಕೆ ಇರಲೇಬೇಕೆಂಬ ನಿಯಮವಿಲ್ಲ. ಔಷಧ, ವ್ಯಾಯಾಮ, ನಿದ್ರೆಗಳ ಎಚ್ಚರದಿಂದ ನೋವನ್ನು ತಗ್ಗಿಸಬಹುದು. ಬೇರುಸಹಿತ ಕೀಳುವದು ಇನ್ನೂ ಸಾಧ್ಯವಾಗಿಲ್ಲ.

ಹೀಗಿರುವಲ್ಲಿ ರೋಗಕ್ಕೆ ಸಾಕ್ಷಿಯು ರೋಗಿಯ ಮಾತೇ. ಆ ಮಾತಿಗೆ ಕನ್ನಡದಲ್ಲಿ ಬಡತನವಿಲ್ಲ. ಹಾನಗಲ್ಲಿನ ಕಡೆಯಲ್ಲಿ ಭತ್ತದ ಸಸಿ ಹಚ್ಚಿ ಬಂದ ಹೆಣ್ಣುಮಗಳೂ ಸವಣೂರಿನ ಎಲೆಬಳ್ಳಿಯ ತೋಟದಲ್ಲಿ ದುಡಿಯುವವನೂ ಶಾಸ್ತ್ರವನ್ನೋದದೆ ಬೇನೆಯ ಜಾತಿಯನ್ನು ಬೇರ್ಪಡಿಸಿ ಹೇಳಬಲ್ಲರು. ಟೊಂಕ ಹಿಡಿಯುವದು ಬೇರೆ, ಚಳಕು ಹೊಡೆಯುವದು ಬೇರೆ, ಕಾಲು ಜಗ್ಗುವದು ಬೇರೆ. ಇರುವೆ ಹರಿದಂತಾಗುವದು, ಜೋಮು ಹಿಡಿಯುವದು, ಬೆಂಕಿ ಸುರುವಿದಂತೆ ಉರಿಯುವದು, ಮುಳ್ಳು ಆಡಿಸಿದಂತಾಗುವದು, ಇವೆಲ್ಲ ಬೇರೆ ಬೇರೆ ಅನುಭವಗಳು. ನರದ ನೋವಿಗೆ ವೈದ್ಯರು ಕೇಳುವ ಲಕ್ಷಣಗಳೂ ಇವೇ. ಕೂಡ್ರುವ ಜಾಗವು ಮರಗಟ್ಟಿತು, ಮೂತ್ರವು ಹಿಡಿತದಲ್ಲಿಲ್ಲ ಎಂಬ ಮಾತು ಬಂದರೆ ಅಂದೇ ಆಸ್ಪತ್ರೆಯನ್ನು ಸೇರತಕ್ಕದ್ದು; ಅಲ್ಲಿ ಶಬ್ದದ ಖಚಿತತೆಯು ಕಾಲಿನ ಬಲವನ್ನೇ ಉಳಿಸಬಹುದು.

ಇಷ್ಟು ಶಬ್ದಸಂಪತ್ತಿದ್ದರೂ ಈ ನಾಡಿನ ಹಿರಿಯ ಕವಿಗಳು ಅದನ್ನು ಬೇರೆ ಕಾರ್ಯಕ್ಕೆ ಬಳಸಿದರು. ಅಬಲೂರು ಮಾಸೂರುಗಳು ತಮ್ಮವನೆಂದು ಹೇಳಿಕೊಳ್ಳುವ ಸರ್ವಜ್ಞನ ತ್ರಿಪದಿಗಳಲ್ಲಿ ಊಟ ಪಥ್ಯಗಳ ವಿವೇಕವು ಹೇರಳವಾಗಿದೆ; ಆದರೆ ಅದು ರೋಗವು ಬಾರದಂತೆ ಬಾಳುವ ವಿವೇಕ. ಪಥ್ಯದಲ್ಲಿದ್ದೂ ಬೇನೆಗೆ ಸಿಕ್ಕವನು ಅದರಿಂದ ತನ್ನನ್ನೇ ತಪ್ಪಿತಸ್ಥನೆಂದು ತಿಳಿಯುವ ಭಯವುಂಟು. ಶಿಗ್ಗಾಂವಿ ತಾಲೂಕಿನ ಶಿಶುನಾಳದ ಶರೀಫಸಾಹೇಬರು (1819–1889) ಸೋರುವ ಮಾಳಿಗೆಯ ಪದದಲ್ಲಿ ಶಿಥಿಲವಾದ ಮನೆಯ ರೂಪಕವನ್ನು ಕಟ್ಟಿ ಅಜ್ಞಾನದ ಕತ್ತಲೆಯನ್ನು ತೋರಿಸಿದರು. ಆ ಪದದ ಹಿರಿಮೆಯನ್ನು ಅಲ್ಲಗಳೆಯುವವರಾರು? ಆದರೂ ಸೋರುವ ಮನೆಯಲ್ಲಿಯೇ ಇಂದಿನ ರಾತ್ರಿಯನ್ನು ಕಳೆಯಬೇಕಾದವನ ಪ್ರಶ್ನೆಯು ಉಳಿದುಕೊಳ್ಳುವದು. ರೂಪಕವು ಶರೀರವನ್ನು ದಾಟಿಸುವದು; ರೋಗಿಯು ಶರೀರವನ್ನು ದಾಟಲಾರನು.

ರೋಗಿಯಾದವನೇ ಕವಿಯಾದಾಗ ಏನಾಗುವದೆಂಬುದಕ್ಕೆ ಸಂಸ್ಕೃತದಲ್ಲಿ ಉದಾಹರಣೆಯೊಂದಿದೆ. ಕೇರಳದ ಮೇಲ್ಪತ್ತೂರು ನಾರಾಯಣ ಭಟ್ಟತಿರಿಯು 16ನೆಯ ಶತಮಾನದ ಕೊನೆಯ ಭಾಗದಲ್ಲಿ ವಾತರೋಗದಿಂದ ಪೀಡಿತನಾಗಿ ಗುರುವಾಯೂರಿನ ಸನ್ನಿಧಿಯಲ್ಲಿ ನಾರಾಯಣೀಯವನ್ನು ರಚಿಸಿದನೆಂದು ಪ್ರಸಿದ್ಧಿಯುಂಟು. 100 ದಶಕಗಳ ಆ ಸ್ತೋತ್ರದಲ್ಲಿ ಭಾಗವತದ ಕಥೆಯು ಹರಿಯುತ್ತಿರುವಾಗಲೇ, ದಶಕ ದಶಕದ ಕೊನೆಗೆ ರೋಗವನ್ನು ನೀಗಿಸೆಂಬ ಬೇಡಿಕೆಯು ಮರಳಿ ಮರಳಿ ಬರುವದು. ಭಕ್ತರು ಇದನ್ನು ಪ್ರಾರ್ಥನೆಯೆಂದು ಓದುವರು, ಅದು ಸರಿಯೇ. ವಿಮರ್ಶಕನು ಇನ್ನೊಂದನ್ನೂ ಕಾಣಬೇಕು. ಕಥೆಯು ಎಷ್ಟು ಮೇಲಕ್ಕೇರಿದರೂ ಬೇನೆಯು ತನ್ನ ಹೊತ್ತಿಗೆ ತಪ್ಪದೆ ಕವಿಯನ್ನು ಕೆಳಗಿಳಿಸುವದು. ದೀರ್ಘರೋಗಿಯ ದಿನಚರಿಯೇ ಇಲ್ಲಿ ಕಾವ್ಯದ ಬಂಧವಾಗಿದೆ. ವ್ಯಾಧಿಯು ಸ್ಥಾಯಿಯಾದಾಗ ಕಾವ್ಯವು ಹೇಗೆ ನಡೆಯುವದೆಂಬುದನ್ನು ಲಕ್ಷಣಗ್ರಂಥವು ಹೇಳದಿದ್ದರೂ ಈ ಲಕ್ಷ್ಯಗ್ರಂಥವು ತೋರಿಸಿಕೊಟ್ಟಿದೆ.

ಇದು ಕೇವಲ ಪಂಡಿತರ ಚರ್ಚೆಯಲ್ಲ. ಬೇನೆಯನ್ನು ಬಂದುಹೋಗುವ ಭಾವವೆಂದೇ ತಿಳಿದ ಮನೆಯಲ್ಲಿ ಮೊದಲ ತಿಂಗಳು ಉಪಚಾರ, ಆರನೆಯ ತಿಂಗಳು ಬೇಸರ, ವರ್ಷ ತುಂಬುವದರೊಳಗೆ ಸಂಶಯ. ನಿನ್ನೆ ಜಾತ್ರೆಗೆ ಹೋದವಳಿಗೆ ಇಂದು ನೀರು ತರಲಿಕ್ಕೆ ಆಗದೇ ಎಂಬ ಮಾತು ಹೊರಬೀಳುವದು. ಆದರೆ ನರದ ಬೇನೆಯು ನಿನ್ನೆಯ ನಡಿಗೆಯ ಬಡ್ಡಿಯನ್ನು ಇಂದು ವಸೂಲು ಮಾಡುವ ಸಾಹುಕಾರನಂಥದು. ಬೇನೆಯ ಅಧ್ಯಯನ ಮಾಡುವ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ತನ್ನ ಲಕ್ಷಣವಾಕ್ಯವನ್ನು ತಿದ್ದಿದಾಗ, ನೋವುಂಟೆಂದು ಹೇಳಿಕೊಂಡವನ ಮಾತನ್ನು ಗೌರವಿಸತಕ್ಕದ್ದೆಂದು ಸೇರಿಸಿತು. ವೈದ್ಯರು ಈಗ ಬರೆದುಕೊಂಡ ಈ ಧರ್ಮವನ್ನು ಅಭಿನವಗುಪ್ತಾಚಾರ್ಯರು ಕಾವ್ಯದ ವಿಷಯದಲ್ಲಿ ಸಾವಿರ ವರ್ಷಗಳ ಹಿಂದೆಯೇ ಸಹೃದಯತ್ವವೆಂದು ಕರೆದಿದ್ದರು: ಪರರ ಅನುಭವದಲ್ಲಿ ತನ್ಮಯವಾಗಬಲ್ಲ ಹೃದಯವುಳ್ಳವನೇ ಸಹೃದಯನು.

ಶಾಕುಂತಲದ ನಾಲ್ಕನೆಯ ಅಂಕವನ್ನೋದಿ ಕಣ್ಣೀರು ತರುವವರು, ಒಳಕೋಣೆಯಲ್ಲಿ ಗೋಡೆಯನ್ನು ಹಿಡಿದು ಏಳುತ್ತಿರುವವಳನ್ನು ನಂಬದಿದ್ದರೆ, ಆ ಓದು ಅರ್ಧಕ್ಕೇ ನಿಂತಿತೆನ್ನಬೇಕು. ಮುಂದಿನ ಕನ್ನಡ ಕವಿಯು ಚಳಕು ಸೆಳೆತಗಳಿಗೆ ಕಾವ್ಯದಲ್ಲಿ ಎಡೆಗೊಡಲಿ. ಅಲ್ಲಿಯವರೆಗೆ ಆ ಮಾತುಗಳನ್ನು ಮನೆಯಲ್ಲಿ ಕೇಳಿ ನಂಬುವ ಕಿವಿಗಳಾದರೂ ಇರಲಿ.